ಮೀಟರ್ ಮುಗಿಸಿದ ಮೇಲೆ ಓದಿ: ಕಾಫಿ ಕಣದ ಬಿಸಿ ಅಳೆಯುವ ಫಂಕ್ಷನ್

ನಮಸ್ಕಾರ ಎಲ್ಲರಿಗೂ. ನಾಪೋಕ್ಲು ಕಡೆ ಈಗ ರೋಬಸ್ಟಾ ಕೊಯ್ಲು. ಹಗಲಲ್ಲಿ ಹಣ್ಣನ್ನು ಕಣದಲ್ಲಿ ಹರಡುತ್ತಾರೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುತ್ತಾರೆ. "ರಾತ್ರಿ ಆ ಗುಡ್ಡೆ ಒಳಗೆ ಎಷ್ಟು ಬಿಸಿ ಆಗ್ತದೆ?" ಅಂತ ಚಿಕ್ಕಪ್ಪ ಕೇಳಿದರು. ಅದನ್ನು ಬೆಳಗಿನವರೆಗೂ ಅಳೆದು ಬರೆದಿಡುವ ಫಂಕ್ಷನ್, ಅಂದರೆ ಲ್ಯಾಪ್‌ಟಾಪಿನಲ್ಲಿ ನಡೆಯುವ ಪುಟ್ಟ ಪೈಥಾನ್ ಪ್ರೋಗ್ರಾಂ, ಅದರ ಬಗ್ಗೆ ಈ ವಿಡಿಯೋ.

ಗುಡ್ಡೆಯೊಳಗೆ ಇರುವುದು ಪಿಟಿ100 ಸೆನ್ಸರ್, ಬಿಸಿ ಏರಿದಂತೆ ಇದರ ವಿದ್ಯುತ್ ತಡೆ (ಓಮ್) ಏರುತ್ತದೆ. ಸೊನ್ನೆ ಡಿಗ್ರಿಯಲ್ಲಿ 100 ಓಮ್, ಆಮೇಲೆ ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ಅಳೆಯುವುದು ಈ ಹಳೆಯ 34401ಎ ಮಲ್ಟಿಮೀಟರ್. ಹಿಂದುಗಡೆ ಅಗಲವಾದ 24 ಪಿನ್ನಿನ ಕನೆಕ್ಟರ್ ಕಾಣುತ್ತಿದೆಯಲ್ಲ, ಅದೇ ಜಿಪಿಐಬಿ, ಮೀಟರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ದಾರಿ. ಎಚ್‌ಪಿ ಕಂಪನಿಯವರು ತಮ್ಮ ಉಪಕರಣಗಳಿಗೆ ಮಾಡಿಕೊಂಡ ಬಸ್ (ಎಲ್ಲಾ ಉಪಕರಣಗಳೂ ಹಂಚಿಕೊಳ್ಳುವ ತಂತಿಗಳ ಗುಂಪು) ಇದು. 1975ರಲ್ಲಿ ಐಇಇಇ 488 ಎಂಬ ಸ್ಟ್ಯಾಂಡರ್ಡ್ ಆಯಿತು.

ಈ ಬಸ್ ನನಗೆ ತುಂಬಾ ಇಷ್ಟ. ಎಂಟು ಡೇಟಾ ತಂತಿಗಳ ಜೊತೆ ಮೂರು ತಂತಿ ಬರೀ ಮಾತುಕತೆಗೇ ಇವೆ. ಕಳಿಸುವವನು "ಬೈಟ್ ಇಟ್ಟಿದ್ದೇನೆ" ಎನ್ನುತ್ತಾನೆ. ಕೇಳುವವನು "ಇನ್ನೂ ಸಿದ್ಧ ಇಲ್ಲ", "ಇನ್ನೂ ತಗೊಂಡಿಲ್ಲ" ಎಂದು ತಡೆಯಬಹುದು. ಎಲ್ಲರೂ ತಗೊಳ್ಳುವವರೆಗೆ ಮುಂದಿನ ಬೈಟ್ ಬರುವುದಿಲ್ಲ. ಕೊನೆಯ ಬೈಟ್ ಜೊತೆ ಇಒಐ ಎಂಬ ಬೇರೆ ತಂತಿ ಏಳುತ್ತದೆ, ಮಾತು ಮುಗಿಯಿತು ಅಂತ. ಹಾಗಾಗಿ ಬೈಟ್ ಕಳೆದುಹೋಗುವ ಭಯ ಕಡಿಮೆ. ತೊಂದರೆ ಬರುವುದು ಸಮಯದಲ್ಲಿ.

ಹೇಗೆ ಅಂತ ಹೇಳುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಝ್. ಒಂದು ಸೈಕಲ್‌ಗೆ 20 ಮಿಲಿಸೆಕೆಂಡ್. ಉದ್ದದ ವೈರ್ ಕರೆಂಟಿನ ಗುಂಯ್ ಅನ್ನುವ ಸದ್ದನ್ನೂ ಹಿಡಿದುಕೊಂಡು ಬರುತ್ತದೆ. ಪೂರ್ತಿ ಸೈಕಲ್‌ಗಳಷ್ಟು ಹೊತ್ತು ಅಳೆದರೆ ಅದು ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಅದಕ್ಕೇ ಮೀಟರಿಗೆ 100 ಸೈಕಲ್ ಅಳೆಯಲು ಹೇಳಿದ್ದೇನೆ. ಅಂದರೆ ಒಂದು ರೀಡಿಂಗ್‌ಗೆ 2 ಸೆಕೆಂಡ್. ಆಟೋ ಝೀರೋ ಅಳತೆ (ಮೀಟರ್ ತನ್ನದೇ ಸೊನ್ನೆಯನ್ನು ಅಳೆದು ಕಳೆಯುವುದು) ಸೇರಿದರೆ ಸುಮಾರು ಅದರ ಎರಡರಷ್ಟು. ಮೀಟರ್ ಜೊತೆ ಮಾತಾಡುವ ಪೈಥಾನಿನ ಪೈವೀಸಾ ಲೈಬ್ರರಿ, ನಾವು ಏನೂ ಹೇಳದಿದ್ದರೆ, ಉತ್ತರಕ್ಕೆ ಕಾಯುವುದೇ 2 ಸೆಕೆಂಡ್! ಮೀಟರ್ ಸರಿ, ಕೇಬಲ್ ಸರಿ, ಆದರೂ ಕಾಯುವ ಹೊತ್ತು ಮುಗಿದು ಟೈಮ್‌ಔಟ್.

ಇಲ್ಲಿ ತುಂಬಾ ಜನ ಸುಮ್ನೆ ಒಂದು ಸ್ಲೀಪ್ (ಇಷ್ಟು ಸೆಕೆಂಡ್ ಕಾಯಿ ಅನ್ನುವ ಸಾಲು) ಸೇರಿಸುತ್ತಾರೆ. ದಯವಿಟ್ಟು ಬೇಡ. ಸ್ಲೀಪ್ ಅಂದರೆ ಊಹೆ. ನಾಳೆ ಸೈಕಲ್ ಸಂಖ್ಯೆ ಬದಲಾಯಿಸಿದರೆ ಆ ಊಹೆಯೂ ಹಾಳು. ಮುಗಿಯಿತಾ ಅಂತ ಮೀಟರನ್ನೇ ಕೇಳಿ. ನನ್ನ ಫಂಕ್ಷನ್ ಮೊದಲು ಇನಿಟ್ ಕಳಿಸಿ ಅಳತೆ ಶುರು ಮಾಡುತ್ತದೆ, ಹಿಂದೆಯೇ ಸ್ಟಾರ್ ಒಪಿಸಿ (*OPC), ಮುಗಿದಾಗ ಗುರುತು ಹಾಕು ಅನ್ನುವ ಕಮಾಂಡ್. ಕೆಲಸ ಮುಗಿದ ಕೂಡಲೇ, ಮೀಟರ್ ತನ್ನ ಸ್ಥಿತಿ ಹೇಳುವ ಸ್ಟೇಟಸ್ ಬೈಟಿನಲ್ಲಿ 32ರ ಬಿಟ್ ಏಳುವಂತೆ ಮೊದಲೇ ಸೆಟ್ ಮಾಡಿಟ್ಟಿದ್ದೇನೆ. ಸೀರಿಯಲ್ ಪೋಲ್ ಮಾಡಿ, ಅಂದರೆ ಬಸ್ ಮೂಲಕ ಆ ಸ್ಟೇಟಸ್ ಬೈಟನ್ನಷ್ಟೇ ಓದಿ, ಆ ಬಿಟ್ ನೋಡುವುದು, ಎದ್ದ ಮೇಲೆ ಫೆಚ್ ಕಮಾಂಡಿನಿಂದ ಉತ್ತರ ಕೇಳುವುದು. ಟೈಮ್‌ಔಟ್ ಕೂಡ ಬೇಕು, ಆದರೆ ಅದನ್ನು ಸೈಕಲ್ ಸಂಖ್ಯೆಯಿಂದಲೇ ಲೆಕ್ಕ ಹಾಕಿ, ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸೆಟ್ ಮಾಡಿ ಅಳೆದು ಉತ್ತರ ಕೊಡುವ ಮೆಷರ್ ಕಮಾಂಡ್ ಸುಲಭ ಅಂತ ಅದನ್ನೇ ಲೂಪಿನಲ್ಲಿ ಹಾಕಬೇಡಿ. ಅದು ಪ್ರತಿ ಸಲ ಸೆಟ್ಟಿಂಗನ್ನು ಮತ್ತೆ 10 ಸೈಕಲ್‌ಗೆ ತರುತ್ತದೆ. ಕಾನ್ಫಿಗರ್ (ಏನು ಅಳೆಯಬೇಕು ಅಂತ ಹೇಳುವ ಕಮಾಂಡ್) ಒಂದೇ ಸಲ, ಆಮೇಲೆ ಸೈಕಲ್ ಸಂಖ್ಯೆ. ಕ್ರಮ ತಿರುಗಿಸಿದರೆ ಇಲ್ಲೂ ಅದೇ ಕಥೆ.

ಈಗ ಕೊಡಗಿನವರಿಗೆ ಗೊತ್ತಿರುವ ವಿಷಯ: ಕರೆಂಟ್. ರಾತ್ರಿ ಒಂದು ಕ್ಷಣ ಹೋಗಿ ಬಂತು ಅನ್ನಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಮೀಟರ್ ಮಾತ್ರ ಹೊಸದಾಗಿ ಎದ್ದು ಡಿಸಿ ವೋಲ್ಟ್‌ನಲ್ಲಿ ಕೂರುತ್ತದೆ. ಓದು ಅಂದರೆ ಓದುತ್ತದೆ, ಸಂಖ್ಯೆ ಕೊಡುತ್ತದೆ. ಆ ವೋಲ್ಟನ್ನು ಓಮ್ ಅಂದುಕೊಂಡು ಲೆಕ್ಕ ಹಾಕಿದರೆ ಕಾಫಿ ಗುಡ್ಡೆ ಮೈನಸ್ 200 ಡಿಗ್ರಿಗೂ ಕೆಳಗೆ ಹೋಗುತ್ತದೆ. ಇದಕ್ಕೆ ಉತ್ತರ ಸ್ಟ್ಯಾಂಡರ್ಡಿನಲ್ಲೇ ಇದೆ. ಅದರ ಮುಂದಿನ ಭಾಗ, 1987ರ 488.2 ಪ್ರಕಾರ, ಉಪಕರಣ ಹೊಸದಾಗಿ ಆನ್ ಆದಾಗ ಈವೆಂಟ್ ರಿಜಿಸ್ಟರಿನ (ನಡೆದದ್ದನ್ನು ಗುರುತು ಹಾಕಿಡುವ ಜಾಗ) 128ರ ಬಿಟ್ ಏಳುತ್ತದೆ. ನನ್ನ ಫಂಕ್ಷನ್ ಪ್ರತಿ ಅಳತೆಗೂ ಮುಂಚೆ ಆ ರಿಜಿಸ್ಟರ್ ಓದಲು ಸ್ಟಾರ್ ಇಎಸ್‌ಆರ್ ಕೇಳುತ್ತದೆ. 128 ಕಂಡರೆ ಸೆಟ್ಟಿಂಗ್ ಎಲ್ಲಾ ಮೊದಲಿಂದ ಕಳಿಸುತ್ತದೆ, ಆಮೇಲೇ ಅಳತೆ. ಮಧ್ಯದಲ್ಲೇ ಕರೆಂಟ್ ಹೋದರೆ ಟೈಮ್‌ಔಟ್ ಬರುತ್ತದೆ, ಪಟ್ಟಿಯ ಆ ಸಾಲು ಬಿಟ್ಟು ಮುಂದಿನದರಲ್ಲಿ ಸರಿಮಾಡಿಕೊಳ್ಳುತ್ತದೆ.

ಉತ್ತರ ಬರುವುದು ಅಕ್ಷರಗಳ ಸಾಲಾಗಿ. ಪರದೆ ನೋಡಿ: 109.735 ಓಮ್, ಅಂದರೆ 25 ಡಿಗ್ರಿ. ತೋರಿಸಲಿಕ್ಕೆ ಸೆನ್ಸರನ್ನು ಕೋಣೆಯಲ್ಲೇ ಇಟ್ಟಿದ್ದೇನೆ. ಈಗ ಒಂದು ವೈರ್ ಬಿಚ್ಚುತ್ತೇನೆ. ಬಂತು ನೋಡಿ, 9.9 ಗುಣಿಸು ಹತ್ತರ ಘಾತ 37. ಇದು ಅಳತೆ ಅಲ್ಲ, ಮಿತಿ ಮೀರಿತು ಅಂತ ಮೀಟರ್ ಓವರ್‌ಲೋಡ್ ಹೇಳುವ ರೀತಿ. ಕಣದಲ್ಲಿ ಹಣ್ಣು ಎಳೆಯುವಾಗ ವೈರ್ ಕಿತ್ತುಬರುವುದು ಸಾಮಾನ್ಯ. ಡಿಗ್ರಿಗೆ ತಿರುಗಿಸುವ ಮುಂಚೆಯೇ ಫಂಕ್ಷನ್ ಈ ಸಂಖ್ಯೆಯನ್ನು ಹಿಡಿಯುತ್ತದೆ. ಆ ಹೊತ್ತಿನ ಸಾಲಿನಲ್ಲಿ ಡಿಗ್ರಿಯ ಜಾಗ ಖಾಲಿ, ಪಕ್ಕದಲ್ಲಿ "ವೈರ್ ನೋಡಿ" ಎಂದಿರುತ್ತದೆ. ಚಿಕ್ಕಪ್ಪ ಬೆಳಿಗ್ಗೆ ಓದುವುದು ಆ ಪಟ್ಟಿಯನ್ನೇ.