ಗಾಳ ಹಿಡಿದ ಮಕ್ಕಳು, ಜೊತೆಗಿರುವ ಹಿರಿಯರು

ಮಿನ್ನೆಸೋಟದ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ. ಶಾಲೆಗಳಿಗೆ ಬೇಸಿಗೆ ರಜೆ ಬರುವ ಹೊತ್ತಿಗೆ ಸರಿಯಾಗಿ, ಕೆರೆಯ ದಡದಲ್ಲಿ ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸುವ ಕಾರ್ಯಕ್ರಮಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಈ ಬಾನುಲಿಯವರು ನನ್ನನ್ನು ಕರೆದಿದ್ದಾರೆ. ಸಿಹಿನೀರಿನ ಮೀನುಗಳ ಅಧ್ಯಯನ ನನ್ನ ವೃತ್ತಿ. ಅಂಥ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕನಾಗಿ ಮಕ್ಕಳ ಜೊತೆ ನಿಲ್ಲುವುದು ನಾನು ಬಹುಕಾಲದಿಂದ ಪ್ರೀತಿಯಿಂದ ಮಾಡಿಕೊಂಡು ಬಂದಿರುವ ಕೆಲಸ. ಸಮಯ ಕಡಿಮೆ ಇರುವುದರಿಂದ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗುವನ್ನು ಇಂಥ ಕಾರ್ಯಕ್ರಮಕ್ಕೆ ಸೇರಿಸುವ ಮುನ್ನ ಅಲ್ಲಿ ಮೀನು ಎಷ್ಟು ಸಿಗುತ್ತದೆ ಎಂದು ವಿಚಾರಿಸಬೇಡಿ. ವಾರವಾರವೂ ಅದೇ ಹಿರಿಯರು ಬರುತ್ತಾರೆಯೇ ಎಂದು ವಿಚಾರಿಸಿ.

ನಾವು ನೆಲೆಸಿರುವ ರಾಜ್ಯದಲ್ಲಿ ಮೀನಿಗೂ ಬರವಿಲ್ಲ, ನೀರಿಗೂ ಬರವಿಲ್ಲ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡದಾದ ಕೆರೆಗಳನ್ನಷ್ಟೇ ಎಣಿಸಿದರೂ ಇಲ್ಲಿ 11,842 ಕೆರೆಗಳಿವೆ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳ ಒಳಗೇ, ಬಸ್ಸು ಹತ್ತಿ ಹೋಗಿ ತಲುಪಬಹುದಾದ ಕೆರೆಗಳು ಬೇಕಾದಷ್ಟಿವೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯು ‘ಫಿಶಿಂಗ್ ಇನ್ ದ ನೇಬರ್‌ಹುಡ್’ ಎಂಬ ಯೋಜನೆಯಡಿ 2001ರಿಂದ ಇಂಥ ನಗರದ ಕೆರೆಕುಂಟೆಗಳಿಗೆ ಮೀನು ತಂದು ಬಿಡುತ್ತಿದೆ. ‘ಐ ಕ್ಯಾನ್ ಫಿಶ್’ ಎಂಬ ಹೆಸರಿನಲ್ಲಿ ರಾಜ್ಯದ ಉದ್ಯಾನಗಳಲ್ಲಿ ಮನೆಮಂದಿಗೆಲ್ಲ ಕಲಿಸುವ ತರಗತಿಗಳನ್ನೂ ನಡೆಸುತ್ತದೆ, ಅಲ್ಲಿ ಬೇಕಾಗುವ ಸಲಕರಣೆಯನ್ನೆಲ್ಲ ಅವರೇ ಕೊಡುತ್ತಾರೆ. ಇಲ್ಲಿನ ನಿವಾಸಿಗಳಾದ, 16 ವರ್ಷ ತುಂಬದ ಮಕ್ಕಳಿಗೆ ಪರವಾನಗಿಯ ಅಗತ್ಯವಿಲ್ಲ. ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೂ ಉತ್ತರವಿದೆ. 1950ರ ಒಕ್ಕೂಟದ ಕಾಯ್ದೆಯೊಂದರ ಪ್ರಕಾರ ಗಾಳದ ಕೋಲು, ರೀಲು ಮುಂತಾದವುಗಳ ತಯಾರಕರಿಂದ ಶೇಕಡಾ 10ರಷ್ಟು ತೆರಿಗೆ ವಸೂಲಿಯಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 1984ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾದಾಗ, ಅದರಲ್ಲೊಂದು ಪಾಲನ್ನು ಜನರಿಗೆ ಕೆರೆ ಮತ್ತು ಮೀನುಗಳ ತಿಳಿವಳಿಕೆ ಕೊಡಲು ಬಳಸಬಹುದೆಂದಾಯಿತು. ಆದ್ದರಿಂದ ಕೆರೆಯಿದೆ, ಮೀನಿದೆ, ದುಡ್ಡೂ ಇದೆ. ಕೊರತೆಯಿರುವುದು ತಪ್ಪದೆ ಬರುವ ಹಿರಿಯರದು.

ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಮೀನು ಹಿಡಿಯಲು ಕರೆದೊಯ್ಯುವ ವಾರಾಂತ್ಯವೊಂದು ಇಲ್ಲಿ ಆಚರಣೆಯಲ್ಲಿದೆ. ಆ ದಿನಗಳಲ್ಲಿ 16 ವರ್ಷ ತುಂಬದ ಮಗುವಿನ ಜೊತೆ ಹೋದ ನಿವಾಸಿಗಳಿಗೆ ಪರವಾನಗಿ ಬೇಕಾಗುವುದಿಲ್ಲ. ಒಳ್ಳೆಯ ಏರ್ಪಾಡು, ತಪ್ಪದೆ ಹೋಗಿ. ಆದರೆ ಆ ದಿನ ಮಗುವಿಗೊಂದು ಟೀ ಶರ್ಟು, ಕೈಗೊಂದು ಗಾಳ, ಮೊಬೈಲಿನಲ್ಲೊಂದು ಫೋಟೋ ಸಿಕ್ಕಿದ ಮೇಲೆ ಎಲ್ಲವೂ ಮುಗಿಯಿತೆಂದು ಭಾವಿಸುವ ತಂದೆತಾಯಿಗಳನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಮಕ್ಕಳಿಗೆ ಹಿರಿಯ ಸ್ನೇಹಿತರನ್ನು ಜೊತೆ ಮಾಡಿಕೊಡುವ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಹಳೆಯ ಸಂಸ್ಥೆಯ ಮಕ್ಕಳನ್ನು ಕುರಿತು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು ಮಾಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಒಬ್ಬರೇ ಹಿರಿಯರ ಒಡನಾಟ ಸಿಕ್ಕ ಮಕ್ಕಳಲ್ಲಿ ಅತಿ ಹೆಚ್ಚು ಒಳಿತು ಕಂಡುಬಂದಿತ್ತು. ಬೇಗನೆ ಕೈಬಿಟ್ಟುಹೋದ ಹಿರಿಯರ ಜೊತೆಗಿದ್ದ ಮಕ್ಕಳ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ದಯವಿಟ್ಟು ಈ ಎರಡನೆಯ ಮಾತನ್ನು ಮನಸ್ಸಿನಲ್ಲಿಡಿ. ಬಂದು ಬಿಟ್ಟುಹೋಗುವ ಹಿರಿಯರಿಂದ ಮಗುವಿಗೆ ಹಾನಿಯಾಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಸೇಂಟ್ ಪಾಲ್ ನಗರದ ಪೂರ್ವಭಾಗದಲ್ಲಿರುವ ಫೇಲನ್ ಕೆರೆಯ ದಡದಲ್ಲಿ. ಅಲ್ಲಿನ ಸುತ್ತಮುತ್ತ ಹ್ಮಾಂಗ್ ಜನರ ಮನೆಗಳು ಹೆಚ್ಚು. 1975ರಲ್ಲಿ ಲಾವೋಸಿನ ಯುದ್ಧ ಮುಗಿದ ಮೇಲೆ ನಿರಾಶ್ರಿತರಾಗಿ ಬಂದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅವರು. ಮೀನು ಹಿಡಿಯುವುದೆಂದರೆ ಅವರಲ್ಲಿ ಮನೆಮಂದಿಯೆಲ್ಲ ಹೊರಡುವ ಕೆಲಸ. ಒಂದು ಬೇಸಿಗೆಯಲ್ಲಿ ನಾನು ಸೇರಿಕೊಂಡಿದ್ದ ಸಂಜೆಯ ತರಗತಿಗೆ ಆ ಸಮುದಾಯದ ನಿವೃತ್ತರೊಬ್ಬರು ಬರುತ್ತಿದ್ದರು. ಎಪ್ಪತ್ತರ ಆಸುಪಾಸಿನ ವಯಸ್ಸು, ಅಗಲ ಅಂಚಿನ ಬಟ್ಟೆಯ ಟೋಪಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅದೇ ತರಗತಿಗೆ ನಮ್ಮ ಕನ್ನಡದ ತಾಯಿಯೊಬ್ಬರು ಹದಿಮೂರು ವರ್ಷದ ಮಗನನ್ನು ಕರೆತಂದರು. ಶಾಲೆಯ ವರ್ಷದ ನಡುವೆ ದಾವಣಗೆರೆಯಿಂದ ಬಂದ ಹುಡುಗ. ಇಲ್ಲಿನ ತರಗತಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ, ಬರಬರುತ್ತ ಮನೆಯಲ್ಲೂ ಮಾತು ಕಡಿಮೆಯಾಗಿತ್ತು. “ಏನಾದರೂ ಮಾಡಿ ಸರ್, ಇವನು ಆ ಕೋಣೆಯಿಂದ ಹೊರಗೆ ಬಂದರೆ ಸಾಕು” ಎಂದು ಆ ತಾಯಿ ನನಗೆ ಹೇಳಿದರು. ಹುಡುಗನನ್ನು ಆ ಹಿರಿಯರ ಪಕ್ಕದಲ್ಲಿ ನಿಲ್ಲಿಸಿದೆವು.

ಮೊದಲ ಸಂಜೆ ಇಬ್ಬರೂ ಮಾತನಾಡಲಿಲ್ಲ, ಹುಡುಗನಿಗೆ ಮೀನೂ ಸಿಗಲಿಲ್ಲ. ಹಿರಿಯರು ಮಾಡಿದ್ದು ಗಂಟು ಹಾಕುವುದನ್ನು ತೋರಿಸಿದ್ದಷ್ಟೆ. ತಂಗೂಸಿಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಅದರ ತುದಿಯನ್ನು ದಾರದ ಸುತ್ತ ಐದು ಸುತ್ತು ಸುತ್ತಿ, ಕೊಕ್ಕೆಯ ಬಳಿ ಉಳಿದ ಸಣ್ಣ ಕುಣಿಕೆಯೊಳಗೆ ಹಿಂದಕ್ಕೆ ತಂದು, ಎಂಜಲು ಹಚ್ಚಿ ನಿಧಾನವಾಗಿ ಬಿಗಿಯುವುದು. ಒಣ ತಂಗೂಸಿಯನ್ನು ಎಳೆದರೆ ಉಜ್ಜಿದ ಬಿಸಿಗೆ ಅದು ಸೋಲುತ್ತದೆ, ಮೀನು ಜಗ್ಗಿದಾಗ ಅಲ್ಲಿಯೇ ತುಂಡಾಗುತ್ತದೆ. ಅವರು ಗಂಟು ಹಾಕಿ, ಕತ್ತರಿಸಿ, ಹುಡುಗನ ಕೈಗೆ ಕೊಟ್ಟರು. ಅವನು ಹಾಕಿದ್ದನ್ನು ಎಳೆದು ನೋಡಿ, ಬಿಚ್ಚಿಹೋದಾಗ ಮತ್ತೆ ದಾರ ಕೊಟ್ಟರು. ಮುಂದಿನ ವಾರ ಹುಡುಗ ಬರುವ ಹೊತ್ತಿಗೆ ಆ ಹಿರಿಯರು ತಮ್ಮ ಮಡಚುವ ಸ್ಟೂಲಿನ ಪಕ್ಕದಲ್ಲಿ ಇನ್ನೊಂದು ಸ್ಟೂಲನ್ನು ಬಿಡಿಸಿಟ್ಟಿದ್ದರು. ಅದು ಯಾರಿಗೆಂದು ಅವರು ಹೇಳಲಿಲ್ಲ, ಹುಡುಗ ಕೇಳಲೂ ಇಲ್ಲ, ಬಂದು ಕುಳಿತುಕೊಂಡ.

ಆಮೇಲೊಂದು ಸಂಜೆ ಅವನ ಗಾಳಕ್ಕೆ ಬ್ಲೂಗಿಲ್ ಮೀನು ಬಿತ್ತು. ಅದು ಅಂಗೈಯಗಲದ ಚಪ್ಪಟೆ ಮೀನು, ಬಾಯಿ ಬಹಳ ಚಿಕ್ಕದು. ಆದ್ದರಿಂದ ಕೊಕ್ಕೆಯೂ ಚಿಕ್ಕದಿರಬೇಕು, ಬೆಂಡು ಅಲುಗಿದ ಕೂಡಲೇ ಎಳೆಯದೆ ಅದು ಮುಳುಗಿ ಒಂದು ಕಡೆಗೆ ಸಾಗುವವರೆಗೆ ಕಾಯಬೇಕು. ಬೆನ್ನಿನ ರೆಕ್ಕೆಯಲ್ಲಿ ಮುಳ್ಳುಗಳಿರುವುದರಿಂದ ಹೊಸಬರು ಅದನ್ನು ಹಿಡಿಯಲು ಹೆದರುತ್ತಾರೆ. ಹಿರಿಯರು ಹುಡುಗನ ಕೈಯನ್ನು ನೀರಿನಲ್ಲಿ ಅದ್ದಿಸಿದರು, ಏಕೆಂದರೆ ಒಣಗೈ ತಗಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಗಲದಂತೆ ಕಾಯುವುದು. ನಂತರ ಆ ಕೈಯನ್ನು ಮೀನಿನ ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿಸಿ ಮುಳ್ಳುಗಳನ್ನು ಮಲಗಿಸಿದರು, ಕೊಕ್ಕೆ ಹೊಕ್ಕ ದಾರಿಯಲ್ಲೇ ಅದನ್ನು ಹಿಂದಕ್ಕೆ ತಿರುಗಿಸಿ ತೆಗೆಯುವುದನ್ನು ತೋರಿಸಿದರು. ಹುಡುಗ ಮೀನನ್ನು ನೀರಿಗಿಳಿಸಿ ತಾಯಿಯ ಕಡೆ ತಿರುಗಿ, “ಅಮ್ಮಾ, ಶಾಂತಿಸಾಗರದಲ್ಲಿ ಅಜ್ಜ ಹಿಡೀತಿದ್ದ ಮೀನು ಇದಕ್ಕಿಂತ ದೊಡ್ಡದು ಅಲ್ವಾ?” ಎಂದ. ಚನ್ನಗಿರಿ ತಾಲ್ಲೂಕಿನ ಆ ದೊಡ್ಡ ಕೆರೆಯ ಹತ್ತಿರ ಅವನ ಅಜ್ಜನ ಮನೆಯಿದ್ದುದು ನನಗೆ ತಿಳಿದದ್ದು ಆಗಲೇ. ಆಗಸ್ಟ್ ತಿಂಗಳ ಹೊತ್ತಿಗೆ, ಹೊಸದಾಗಿ ಬಂದ ಪುಟ್ಟ ಹುಡುಗಿಯೊಬ್ಬಳ ರೀಲಿನಲ್ಲಿ ದಾರ ಸಿಕ್ಕುಸಿಕ್ಕಾದಾಗ ಯಾರೂ ಹೇಳದೆಯೇ ಅವನು ಹೋಗಿ ಮಂಡಿಯೂರಿ ಕುಳಿತು, ಒಂದೊಂದೇ ಸುತ್ತನ್ನು ಬಿಡಿಸಿ, ಅವಳಿಗೆ ಇಂಗ್ಲಿಷಿನಲ್ಲಿ ಗಂಟು ಹಾಕುವುದನ್ನು ಹೇಳಿಕೊಡುತ್ತಿದ್ದ. ಚಳಿಗಾಲದಲ್ಲಿ ಆ ಹಿರಿಯರು ತಾಯಿಮಗ ಇಬ್ಬರನ್ನೂ ಮಂಜುಗಡ್ಡೆಯ ಮೇಲೆ ಮೀನು ಹಿಡಿಯಲು ಕರೆದೊಯ್ದರು. ಹೋಗುವವರಿಗೆ ಹೇಳುತ್ತೇನೆ, ಹೊಸ ಮಂಜುಗಡ್ಡೆ ಕನಿಷ್ಠ ನಾಲ್ಕು ಅಂಗುಲ ದಪ್ಪವಿಲ್ಲದಿದ್ದರೆ ಅದರ ಮೇಲೆ ಕಾಲಿಡಲೇ ಬಾರದು.

ಈ ಹುಡುಗನಿಗೆ ಮೊದಲ ವಾರ ಒಬ್ಬರು, ಎರಡನೆಯ ವಾರ ಇನ್ನೊಬ್ಬರು, ಮೂರನೆಯ ವಾರ ಮತ್ತೊಬ್ಬರು ಕಲಿಸಲು ಬಂದಿದ್ದರೆ ಏನಾಗುತ್ತಿತ್ತು? ಮೂರು ವಾರವೂ ಅವನು ತನ್ನ ಹೆಸರು ಹೇಳುವುದರಲ್ಲೇ ಉಳಿಯುತ್ತಿದ್ದ. ನನಗೆ ಗೊತ್ತಿರುವ ಸಂಘವೊಂದರಲ್ಲಿ ಸ್ವಯಂಸೇವಕರ ಅನುಕೂಲಕ್ಕೆಂದು ಸರದಿಯ ಪಟ್ಟಿ ಮಾಡಿ, ವಾರಕ್ಕೊಬ್ಬರಂತೆ ಕಳುಹಿಸುತ್ತಿದ್ದರು. ಮಕ್ಕಳು ಮೀನು ಹಿಡಿಯುವುದನ್ನೇನೋ ಕಲಿತರು, ಆದರೆ ಬೇಸಿಗೆ ಮುಗಿಯುವ ಮುನ್ನವೇ ಬಹುಪಾಲು ಮಕ್ಕಳು ಬರುವುದನ್ನು ನಿಲ್ಲಿಸಿದರು. ಸರದಿ ಪಟ್ಟಿಯಿಂದ ಹಿರಿಯರಿಗೆ ಅನುಕೂಲವಾಗುತ್ತದೆ. ಮಕ್ಕಳಿಗೆ ಬೇಕಾದದ್ದು ಅದೇ ಮುಖ, ಅದೇ ಸ್ಟೂಲು.

ಹೇಳಬೇಕೆಂದುಕೊಂಡಿದ್ದ ಉಳಿದ ವಿಷಯಗಳಿಗೆ ಸಮಯ ಕಡಿಮೆಯಾಗಿದೆ, ಬೇಗ ಹೇಳುತ್ತೇನೆ. ನಮ್ಮಲ್ಲಿ ಅನೇಕ ಮನೆಗಳು ಸಸ್ಯಾಹಾರಿಗಳು; ಮಗುವಿನ ಕೈಗೆ ಗಾಳ ಕೊಡಲು ಮನಸ್ಸು ಬಾರದಿದ್ದರೆ ಕೊಡಬೇಡಿ. ಗಾಳ ಮುಟ್ಟದೆ, ಜರಡಿಬಲೆಯಿಂದ ದಡದ ಕೆಸರನ್ನು ಗೋರಿ ಬಿಳಿಯ ತಟ್ಟೆಗೆ ಸುರಿದು, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಬಸವನಹುಳುಗಳನ್ನೂ ಗುರುತಿಸುವ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಅವರ ಪಕ್ಕದಲ್ಲೂ ಒಬ್ಬರೇ ಹಿರಿಯರು ಇರಬೇಕು, ಅಷ್ಟೆ.

ಎರೆಹುಳುವನ್ನು ರೈತನ ಮಿತ್ರನೆಂದು ಊರಿನಲ್ಲಿ ಕಲಿತ ನಾವು, ಗಾಳಕ್ಕೆ ಸಿಕ್ಕಿಸಿ ಉಳಿದ ಹುಳುಗಳನ್ನು ಪಕ್ಕದ ಮರದ ಬುಡಕ್ಕೆ ಸುರಿದು ಪುಣ್ಯ ಕಟ್ಟಿಕೊಂಡೆವೆಂದು ಬರುತ್ತೇವೆ. ಇಲ್ಲಿ ಹಾಗೆ ಮಾಡಬಾರದು. ಹಿಮಯುಗದ ಹಿಮರಾಶಿ ಕರಗಿ ಹಿಂದೆ ಸರಿದ ಮೇಲೆ ಮಿನ್ನೆಸೋಟದ ಕಾಡುಗಳು ಬೆಳೆದದ್ದೇ ಎರೆಹುಳುಗಳಿಲ್ಲದ ನೆಲದಲ್ಲಿ. ಈಗ ಇರುವವೆಲ್ಲ ಹೊರಗಿನಿಂದ ಬಂದವು, ನೆಲದ ಮೇಲಿನ ದಪ್ಪ ತರಗೆಲೆಯ ಹಾಸನ್ನು ತಿಂದು ಮುಗಿಸಿ ಎಳೆಯ ಗಿಡಗಳನ್ನು ಏಳಗೊಡುವುದಿಲ್ಲ. ಉಳಿದ ಎರೆಯನ್ನು ಕಸದ ಡಬ್ಬಿಗೆ ಹಾಕಿ. ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಕೊಳ್ಳಬೇಡಿ, ತವರದವು ಸಿಗುತ್ತವೆ. ಕೆರೆಯ ತಳದಲ್ಲಿ ಬಿದ್ದ ಒಂದೇ ಒಂದು ಸೀಸದ ಗುಂಡನ್ನು ನುಂಗಿದರೂ ಈ ರಾಜ್ಯದ ಪಕ್ಷಿಯಾದ ಲೂನ್ ಸಾಯುತ್ತದೆ. ಬೇಸಿಗೆಯ ಆರಂಭದಲ್ಲಿ ಆಳವಿಲ್ಲದ ನೀರಿನ ಮರಳಿನಲ್ಲಿ ತಟ್ಟೆಯಂಥ ಗುಂಡಿ ಮಾಡಿಕೊಂಡು ಮೊಟ್ಟೆ ಕಾಯುವ ದೊಡ್ಡ ಗಂಡು ಬ್ಲೂಗಿಲ್ಲುಗಳನ್ನು ಮರಳಿ ಬಿಟ್ಟುಬಿಡಿ, ಅವುಗಳನ್ನೆಲ್ಲ ಎತ್ತಿದ ಕೆರೆಯಲ್ಲಿ ಮುಂದೆ ಸಣ್ಣ ಮೀನುಗಳೇ ಉಳಿಯುತ್ತವೆ. ಎಷ್ಟೋ ಕೆರೆಗಳಲ್ಲಿ ಈಗ ಒಬ್ಬರು ಇಟ್ಟುಕೊಳ್ಳಬಹುದಾದ ಮೀನುಗಳ ಮಿತಿಯನ್ನೂ ಇಳಿಸಿದ್ದಾರೆ, ಹೋಗುವ ಮುನ್ನ ಇಲಾಖೆಯ ನಿಯಮಗಳನ್ನು ನೋಡಿಕೊಳ್ಳಿ.

ತಂದೆತಾಯಿಗಳಿಗೊಂದು ಮಾತು. ಮಗುವನ್ನು ಇಳಿಸಿ ಕಾರಿನಲ್ಲೇ ಕುಳಿತು ಮೊಬೈಲ್ ನೋಡುವವರನ್ನು ನಾನು ಪ್ರತಿ ಬೇಸಿಗೆಯಲ್ಲೂ ಕಾಣುತ್ತೇನೆ. ದಯವಿಟ್ಟು ಇಳಿದು ಬನ್ನಿ. ನಿಮಗೆ ಗಾಳ ಹಾಕಲು ಬಾರದಿದ್ದರೆ ಇನ್ನೂ ಒಳ್ಳೆಯದು. ಮಗು ನಿಮಗೆ ಕಲಿಸಲಿ.

ಸ್ವಯಂಸೇವಕರಾಗಲು ಇಷ್ಟವಿರುವ ನಮ್ಮ ಕನ್ನಡಿಗರಿಗೂ, ಅದರಲ್ಲೂ ಮಕ್ಕಳ ಮನೆಗೆಂದು ಬಂದು ನೆಲೆಸಿ, ಹಗಲು ಹೇಗೆ ಕಳೆಯುವುದೆಂದು ಯೋಚಿಸುತ್ತಿರುವ ಹಿರಿಯರಿಗೂ ನನ್ನ ಕೋರಿಕೆಯಿದೆ. ಮೀನುಗಾರಿಕೆಯ ಜ್ಞಾನ ಬೇಕಿಲ್ಲ, ಅದನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಿಮ್ಮ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ, ಮಕ್ಕಳ ಸುರಕ್ಷತೆಗಾಗಿ ಅದು ಆಗಲೇಬೇಕು. ಅರ್ಜಿಯಲ್ಲಿ ನಿಮಗೆ ಯಾವಾಗ ಬಿಡುವಿದೆ ಎಂದು ಕೇಳಿರುತ್ತಾರೆ. ಅಲ್ಲಿ ಬರೀ ಒಂದು ದಿನವನ್ನಷ್ಟೇ ಗುರುತು ಮಾಡಬೇಡಿ. ವಾರದ ಒಂದು ಸಂಜೆಯನ್ನು ಆರಿಸಿಕೊಂಡು ಇಡೀ ಬೇಸಿಗೆ ಬರುತ್ತೇನೆಂದು ಬರೆಯಿರಿ. ಊರಿಗೆ ಹೋಗುವುದಿದೆ, ಈ ಬೇಸಿಗೆ ಪೂರ್ತಿ ಬರಲಾಗದು ಎಂದಾದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಬನ್ನಿ, ನಾವು ಕಾಯುತ್ತೇವೆ. ನಮಸ್ಕಾರ.