ತರಗೆಲೆ ಸುಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಕೈತೋಟದ ಬಗ್ಗೆ ಮಾತಾಡಲು ಎಲ್ಲಿಗೆ ಹೋದರೂ ನನಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ. ಗಿಡಕ್ಕೆ ಏನು ಹಾಕಬೇಕು? ಬಾಳೆಹಣ್ಣಿನ ಸಿಪ್ಪೆ ಹಾಕಬಹುದಾ? ಮೊಟ್ಟೆ ಚಿಪ್ಪು ಹಾಕಬಹುದಾ? ತರಕಾರಿ ತೊಳೆದ ನೀರು ಹಾಕಬಹುದಾ? ಪಟ್ಟಿ ಮುಗಿಯುವುದೇ ಇಲ್ಲ. ಎಲ್ಲ ಕೇಳಿಸಿಕೊಂಡು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆ ಸುತ್ತ ಬಿದ್ದ ಒಣ ಎಲೆಯನ್ನು ಏನು ಮಾಡಿದಿರಿ? ಗುಡಿಸಿ ಬೆಂಕಿ ಹಚ್ಚಿದೆವು ಅನ್ನುತ್ತಾರೆ. ಇಲ್ಲವೇ ಚೀಲಕ್ಕೆ ತುಂಬಿ ಕಸಕ್ಕೆ ಕೊಟ್ಟೆವು ಅನ್ನುತ್ತಾರೆ. ಎಲೆ ಕಸಕ್ಕೆ ಹೋಯಿತು, ಅದೇ ಕೈಯಲ್ಲಿ ದುಡ್ಡು ಕೊಟ್ಟು ಗೊಬ್ಬರದ ಚೀಲ ಮನೆಗೆ ಬಂತು. ಸರಿ ಅಲ್ವಾ ಲೆಕ್ಕ!

ಇವತ್ತು ನಾನು ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ತರಗೆಲೆ ಸುಡಬೇಡಿ. ಎಸೆಯಬೇಡಿ. ಒಂದು ಮೂಲೆಯಲ್ಲಿ ಕೂಡಿಡಿ.

ಯಾಕೆ ಅಂತ ಹೇಳುತ್ತೇನೆ. ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಣ ಅಂತ ಹೊರಟವರು ಎಷ್ಟೋ ಜನ ಅರ್ಧಕ್ಕೇ ಕೈಬಿಡುತ್ತಾರೆ. ಕಾರಣ ನಾತ. ಡಬ್ಬಿಗೆ ತರಕಾರಿ ಸಿಪ್ಪೆ ಹಾಕಿದರು, ಹಣ್ಣಿನ ಸಿಪ್ಪೆ ಹಾಕಿದರು, ಮುಚ್ಚಳ ಮುಚ್ಚಿದರು. ವಾರ ಕಳೆಯುವಷ್ಟರಲ್ಲಿ ಎಲ್ಲ ನೀರಾಗಿ, ಹುಳ ಎದ್ದು, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡರು. ಅಲ್ಲಿಗೆ ಗೊಬ್ಬರದ ಆಸೆ ಮುಗಿಯಿತು. ಡಬ್ಬಿ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳುತ್ತಾರೆ. ಡಬ್ಬಿ ಯಾವುದಾದರೂ ಆಗುತ್ತದೆ ಸ್ವಾಮಿ. ಅದರೊಳಗೆ ಒಣ ಎಲೆ ಬೀಳಲಿಲ್ಲ, ಅಷ್ಟೇ.

ಕಸವನ್ನು ಗೊಬ್ಬರ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ದುಡಿಯಲು ಇಂಗಾಲ ಬೇಕು, ಮೈ ಬೆಳೆಸಲು ಸಾರಜನಕ ಬೇಕು. ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಸಿಕ್ಕರೆ ಕೆಲಸ ಚುರುಕಾಗಿ ನಡೆಯುತ್ತದೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ನೀರಂತೂ ಇನ್ನೂ ಜಾಸ್ತಿ. ಇಂಗಾಲ ಇರುವುದು ಒಣ ಎಲೆಯಲ್ಲಿ. ಅದು ಸಾಲದೆ ಹೋದರೆ ಉಳಿದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ನಿಮ್ಮ ಗಿಡಕ್ಕೆ ಸೇರಬೇಕಾದ ಸಾರವೇ ಹಾಗೆ ಹೋಗುತ್ತಿರುವುದು. ಇನ್ನು ನೀರು ನಿಂತು ಗಾಳಿ ಆಡದಿದ್ದರೆ, ಗಾಳಿ ಬೇಡದ ಬೇರೆ ಜಾತಿಯ ಜೀವಿಗಳು ಬಂದು ಸೇರಿಕೊಳ್ಳುತ್ತವೆ. ಕೊಳೆತ ಮೊಟ್ಟೆಯ ನಾತ ಅವುಗಳ ಕೆಲಸ. ತರಗೆಲೆ ಇಂಗಾಲ ಕೊಡುತ್ತದೆ, ನೀರು ಹೀರುತ್ತದೆ, ನಡುವೆ ಗಾಳಿಗೂ ದಾರಿ ಬಿಡುತ್ತದೆ. ಮೂರೂ ಕೆಲಸ ಒಂದೇ ಎಲೆಯಿಂದ.

ಮಾಡುವ ಬಗೆ ಸುಲಭ. ಡಬ್ಬಿಯ ತಳಕ್ಕೂ ಪಕ್ಕಕ್ಕೂ ತೂತು ಕೊರೆಯಿರಿ. ತಳಕ್ಕೆ ಒಣ ಕಡ್ಡಿ ಹಾಸಿ. ಒಂದು ಬೊಗಸೆ ಹಸಿ ಕಸ ಹಾಕಿದರೆ ಮೇಲೆ ಎರಡು ಮೂರು ಬೊಗಸೆ ತರಗೆಲೆ. ಹಸಿ ಕಸ ಕಣ್ಣಿಗೆ ಕಾಣಲೇಬಾರದು. ಕಂಡರೆ ನೊಣ ಬರುತ್ತದೆ. ಎಲೆಯನ್ನು ಕೈಯಲ್ಲೇ ಪುಡಿಮಾಡಿ ಹಾಕಿದರೆ ಬೇಗ ಕರಗುತ್ತದೆ. ವಾರಕ್ಕೊಮ್ಮೆ ಕೋಲು ಹಾಕಿ ತಿರುವಿ. ತೇವ ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಿದರೆ ಸರಿಯಾಗಿದೆ. ಧಾರೆ ಇಳಿದರೆ ಇನ್ನಷ್ಟು ಎಲೆ ಹಾಕಿ. ಹಿಡಿ ಬಿಟ್ಟ ಕೂಡಲೇ ಉದುರಿಹೋದರೆ ನೀರು ಚಿಮುಕಿಸಿ. ಮಾಂಸ, ಹಾಲು, ಎಣ್ಣೆ ಜಿಡ್ಡಿನ ಅಡುಗೆ ಇದಕ್ಕೆ ಬೇಡ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ಘಮ ಬರುವ ಗೊಬ್ಬರ ಕೈಗೆ ಸಿಗುತ್ತದೆ. ಹಿತ್ತಲು ಇದ್ದವರು ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ರಾಶಿ ಹಾಕಿ. ಒಳಗಿನ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿಗೆ ಕಳೆಯ ಬೀಜವೂ ಸಾಯುತ್ತದೆ.

ಇಷ್ಟಾದ ಮೇಲೂ ಎಲೆ ಮಿಗುತ್ತದಾ? ಬಹಳ ಒಳ್ಳೆಯದು. ಅದನ್ನು ನೇರವಾಗಿ ಮಣ್ಣಿನ ಮೇಲೆ ಹಾಸಿ. ಇಲ್ಲಿ ನಾನು ಒಂದು ಕಥೆ ಹೇಳಲೇಬೇಕು. ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಬಿಡುವುದಿಲ್ಲ.

ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿದ್ದೀರಿ. ಜೀವಿಗಳು ಹೇಗೆ ವಿಕಾಸವಾದವು ಅಂತ ತೋರಿಸಿಕೊಟ್ಟವರು. ಅಷ್ಟು ದೊಡ್ಡ ವಿಜ್ಞಾನಿ ಕೊನೆಯ ಪುಸ್ತಕ ಬರೆದದ್ದು ಯಾವುದರ ಮೇಲೆ ಗೊತ್ತಾ? ಎರೆಹುಳದ ಮೇಲೆ. ಅದು 1881ರಲ್ಲಿ ಬಂತು, ಮರುವರ್ಷ ಅವರು ತೀರಿಕೊಂಡರು. 1837ರಲ್ಲೇ ಎರೆಹುಳದ ಬಗ್ಗೆ ಮೊದಲ ಪ್ರಬಂಧ ಓದಿದ್ದರು. ಅಂದರೆ 40 ವರ್ಷಕ್ಕೂ ಮೀರಿದ ಗೀಳು.

ಮಣ್ಣು ತುಂಬಿದ ಕುಂಡಗಳಲ್ಲಿ ಎರೆಹುಳ ಸಾಕಿ, ಓದುವ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಈ ಹುಳಕ್ಕೆ ಕಿವಿ ಕೇಳುತ್ತಾ ಅಂತ ಒಂದು ಅನುಮಾನ ಬಂತು. ಲೋಹದ ಸೀಟಿ ಊದಿ ನೋಡಿದರು. ಹುಳ ಅಲ್ಲಾಡಲಿಲ್ಲ. ಬಸೂನ್ ಅಂತ ಉದ್ದನೆಯ ಊದುವ ವಾದ್ಯ ಇದೆ, ಬಹಳ ತಗ್ಗಿನ ದನಿ ಅದರದ್ದು. ಅದನ್ನೂ ಊದಿದರು. ಊಹೂಂ. ಉಸಿರು ತಾಗದ ಹಾಗೆ ಎಚ್ಚರ ವಹಿಸಿ ಕೂಗಿದರು. ಅದಕ್ಕೂ ಕ್ಯಾರೆ ಅನ್ನಲಿಲ್ಲ. ಪಿಯಾನೊ ಹತ್ತಿರದ ಮೇಜಿನ ಮೇಲೆ ಇಟ್ಟು ಜೋರಾಗಿ ನುಡಿಸಿದರು. ಹುಳ ತನ್ನ ಪಾಡಿಗೆ ತಾನು ಇತ್ತು. ಕೊನೆಗೆ ಎರಡು ಹುಳ ಇದ್ದ ಕುಂಡಗಳನ್ನು ಪಿಯಾನೊ ಮೇಲೆಯೇ ಇಟ್ಟು ಒಂದು ತಗ್ಗಿನ ಸ್ವರ ಒತ್ತಿದರು. ಆ ಕ್ಷಣವೇ ಎರಡೂ ಬಿಲದೊಳಗೆ ಮಾಯ! ಕಿವಿ ಇಲ್ಲ, ಆದರೆ ನಡುಕ ಮೈಗೆ ತಿಳಿಯುತ್ತದೆ. ಆ ಮನೆಯವರ ತಾಳ್ಮೆಯನ್ನೂ ಮೆಚ್ಚಬೇಕು.

ಮುಂದೆ ಕೇಳಿ, ನನ್ನ ತರಗೆಲೆ ಇಲ್ಲೇ ಬರುವುದು. ರಾತ್ರಿ ಹೊತ್ತು ಈ ಹುಳಗಳು ನೆಲದ ಮೇಲಿನ ಎಲೆಗಳನ್ನು ಬಿಲಕ್ಕೆ ಎಳೆದುಕೊಳ್ಳುತ್ತವೆ. ಸುಮ್ನೆ ಸಿಕ್ಕ ಕಡೆ ಹಿಡಿದು ಎಳೆಯುವುದಿಲ್ಲ. ಹೆಚ್ಚಾಗಿ ಚೂಪಾದ ತುದಿ ಹಿಡಿದು ಎಳೆಯುತ್ತವೆ, ಆಗ ಬಿಲದಲ್ಲಿ ಸಲೀಸಾಗಿ ಇಳಿಯುತ್ತದೆ. ಇದು ನಿಜವೇ ಅಂತ ನೋಡಲು ಡಾರ್ವಿನ್ ಕಾಗದವನ್ನು ತ್ರಿಕೋನವಾಗಿ ಕತ್ತರಿಸಿದರು. ಇಬ್ಬನಿಗೆ ಮೆತ್ತಗಾಗದಿರಲಿ ಅಂತ ಎರಡೂ ಬದಿಗೆ ಕೊಬ್ಬು ಸವರಿ ಹರಡಿದರು. ಅವುಗಳಲ್ಲೂ ಹೆಚ್ಚಿನವನ್ನು ತುದಿ ಹಿಡಿದೇ ಎಳೆದಿದ್ದವು. ಕಣ್ಣಿಲ್ಲದ ಹುಳ ನೋಡಿ!

ಇನ್ನೊಂದು ಇದೆ. 1842ರಲ್ಲಿ ಮನೆ ಹತ್ತಿರದ ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿದ್ದರು. 29 ವರ್ಷ ಕಾದು 1871ರಲ್ಲಿ ಅಲ್ಲಿ ಕಾಲುವೆ ತೋಡಿಸಿದರು. ಬಿಳಿ ಚೂರುಗಳ ಸಾಲು 7 ಅಂಗುಲ ಕೆಳಗೆ ಸಿಕ್ಕಿತು. ಹುಳಗಳು ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತ ಬಂದವು, ಕಲ್ಲು ಕೆಳಗೆ ಹೋಯಿತು. ಗುದ್ದಲಿ ಇಲ್ಲ, ಕೂಲಿ ಇಲ್ಲ. ಅವು ಕೇಳುವುದು ತಿನ್ನಲು ಎಲೆ, ಮೈಗೆ ತಂಪು. ನಾವೋ ಆ ಎಲೆಗೇ ಬೆಂಕಿ ಇಡುತ್ತೇವೆ.

ಗಿಡಗಳ ಸುತ್ತ 2ರಿಂದ 3 ಅಂಗುಲ ದಪ್ಪಕ್ಕೆ ತರಗೆಲೆ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಮಣ್ಣು ಬೇಗ ಒಣಗುವುದಿಲ್ಲ, ಕಳೆ ಕಡಿಮೆ. ನೆಲದಲ್ಲಿ ಬೆಳೆಸುವವರಿಗೆ ಎರೆಹುಳ ತಾನಾಗಿಯೇ ಬರುತ್ತದೆ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಹೊತ್ತು ಕಡಿಮೆ ಇದೆ. ಉಳಿದದ್ದನ್ನು ಓಡಿಸುತ್ತೇನೆ.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಬಗ್ಗೆ ದಯವಿಟ್ಟು ಇನ್ನು ಕೇಳಬೇಡಿ. ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ನಿಜ. ಅದನ್ನು ಕತ್ತರಿಸಿ ಗೊಬ್ಬರದ ಡಬ್ಬಿಗೆ ಹಾಕಿ, ಮೇಲೆ ಎಲೆ ಮುಚ್ಚಿ. ಕಾಫಿ, ಟೀ ಚರಟಕ್ಕೂ ಇದೇ ಉತ್ತರ. ಮೊಟ್ಟೆ ಚಿಪ್ಪು ಇಡಿಯಾಗಿ ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ನುಣ್ಣಗೆ ಪುಡಿಮಾಡಿ. ಟೊಮೇಟೊ ಕಾಯಿಯ ತಳ ಕಪ್ಪಾದರೆ ಚಿಪ್ಪು ಸುರಿಯಲು ಓಡಬೇಡಿ. ಒಂದು ದಿನ ನೀರು ಸುರಿದು ಮೂರು ದಿನ ಮರೆತರೆ ಬೇರಿಗೆ ಸುಣ್ಣದ ಅಂಶ ಎಳೆದುಕೊಳ್ಳಲು ಆಗುವುದಿಲ್ಲ. ನೀರು ಹದವಾಗಿ, ತಪ್ಪದೆ ಕೊಡಿ.

ಕಟ್ಟಿಗೆ ಬೂದಿ ಒಂದು ಹಿಡಿ ಸಾಕು, ಜಾಸ್ತಿ ಆದರೆ ಮಣ್ಣು ಕ್ಷಾರವಾಗುತ್ತದೆ. ಹಸಿ ಸಗಣಿ, ಹಸಿ ಕೋಳಿ ಗೊಬ್ಬರ ಬೇರನ್ನು ಸುಡುತ್ತದೆ. ಚೆನ್ನಾಗಿ ಕಳಿತದ್ದನ್ನೇ ಹಾಕಿ. ಗಿಡ ಹುಲುಸಾಗಿ ಸೊಪ್ಪು ಬಿಟ್ಟು ಕಾಯಿ ಬಿಡದಿದ್ದರೆ ಸಾರಜನಕ ಹೆಚ್ಚಾಗಿದೆ ಅಂತ ಅರ್ಥ, ಕೈ ಹಿಡಿಯಿರಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು, ಸೊಪ್ಪಿಗೆ 4 ಗಂಟೆ ಸಾಕು. ಹುರುಳಿಕಾಯಿ, ಬಟಾಣಿ ಗಿಡ ಮುಗಿದ ಮೇಲೆ ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರಿನ ಗಂಟಿನಲ್ಲಿರುವ ಸಾರಜನಕ ಮಣ್ಣಲ್ಲೇ ಉಳಿಯಲಿ.

ಕೊನೆಯದಾಗಿ, ನಮ್ಮ ಮನೆ ಹತ್ತಿರ ಮರವೇ ಇಲ್ಲ ಅನ್ನುವವರಿಗೆ. ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ ಸಣ್ಣಗೆ ಹರಿದು ಎಲೆಯ ಬದಲು ಹಾಕಿ. ಟೇಪು ಕಿತ್ತುಬಿಡಿ. ಹೊಳಪಿನ ಕಾಗದ ಮಾತ್ರ ಬೇಡ. ಸಮಯ ಆಯಿತಂತೆ. ನಮಸ್ಕಾರ.