ಶಂಖದ ಹುಳುವನ್ನು ಲಾರಿ ಹತ್ತಿಸುವವರು ಯಾರು?

ನಮಸ್ಕಾರ. ಹವಾಮಾನ ಬದಲಾವಣೆ ಅಂದ ಕೂಡಲೇ ಎಲ್ಲ ಪೀಡೆಯೂ ಎಲ್ಲ ಕಡೆ ಹಬ್ಬಿಬಿಡುತ್ತದೆ ಅಂತ ಹೆದರಿಸುವವರೇ ಜಾಸ್ತಿ. ಆದರೆ ಆಫ್ರಿಕಾದ ದೈತ್ಯ ಬಸವನಹುಳು, ಅದೇ ತೋಟದವರ ಬಾಯಲ್ಲಿ ಶಂಖದ ಹುಳು, ಅದರ ಲೆಕ್ಕ ಹಾಕಿದವರು ಹಾಗೆ ಹೇಳಿಲ್ಲ.

2015ರಲ್ಲಿ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಇದರ ನಕ್ಷೆ ಮಾಡಿದರು. ಹುಳು ಸಿಕ್ಕಿದ ಜಾಗಗಳ ಹವಾಮಾನ ನೋಡಿ, ಮುಂದೆ ಎಲ್ಲೆಲ್ಲಿ ಬದುಕೀತು ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡುವ ಕೆಲಸ. ದೇಶದ ಒಟ್ಟು ಚಿತ್ರ ಅಷ್ಟೇನೂ ಬದಲಾಗುವುದಿಲ್ಲ ಅಂತ ಉತ್ತರ ಬಂತು. ಮಧ್ಯ ಭಾರತದಲ್ಲಿ ಸೆಕೆ ಜಾಸ್ತಿ, ಮಳೆ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ. ಆದರೆ ಈಗಾಗಲೇ ಹುಳು ಇರುವ ಕೆಲವು ಕಡೆ ಕಾಟ ಇನ್ನೂ ಏರಬಹುದು. ಬಿಹಾರ, ಗುಜರಾತ್, ಅಸ್ಸಾಮಿನ ಕೆಲವು ಭಾಗಗಳ ಜೊತೆ ಆ ಪಟ್ಟಿಯಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಇದೆ.

ಇಂಥ ನಕ್ಷೆಗಳ ಬಗ್ಗೆ ನನ್ನದೊಂದು ತಕರಾರಿದೆ. ಅವು ಆಕಾಶದ ಮಳೆ ನೋಡುತ್ತವೆ, ನಮ್ಮ ಬೋರ್‌ವೆಲ್ ನೋಡುವುದಿಲ್ಲ. ಒಣಗಾಲದಲ್ಲಿ ಈ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ನೀವು ಸ್ಪ್ರಿಂಕ್ಲರ್ ತಿರುಗಿಸಿದಿರೋ, ಅದಕ್ಕೆ ಮುಂಗಾರು ಬಂದಂತೆ. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವ ಪ್ರಾಣಿ ಇದು. ಅಪಾಯ ಕಡಿಮೆ ಅಂತ ನಕ್ಷೆ ಹೇಳಿದ ಊರಿನ ತೋಟವೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಇನ್ನೊಂದು, ಇದು ಇಷ್ಟು ದೂರ ತೆವಳಿಕೊಂಡು ಬಂದಿಲ್ಲ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಕ್ಕೆ ಇದನ್ನು ತಂದವನು ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ. ಅವನಿಗೆ ಚಿಪ್ಪುಗಳ ಹುಚ್ಚು! 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮಯಾಮಿಗೆ ಮೂರೇ ಮೂರು ತಂದ. ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ 18,000 ದಾಟಿತು. ನಿರ್ಮೂಲ ಮಾಡಲು ಸುಮಾರು ಹತ್ತು ವರ್ಷ, ಹತ್ತು ಲಕ್ಷ ಡಾಲರ್ ಬೇಕಾಯಿತು.

ನಮ್ಮಲ್ಲಿ ನರ್ಸರಿ ಗಿಡದ ಮಣ್ಣು, ಗೊಬ್ಬರದ ಲೋಡು ಊರಿಂದೂರಿಗೆ ಓಡಾಡುತ್ತಲೇ ಇರುತ್ತವೆ. ಮೊಟ್ಟೆ ಇದೆಯಾ ಅಂತ ಯಾರು ಕೆದಕಿ ನೋಡುತ್ತಾರೆ? ನಕ್ಷೆ ಬೆರಳಿಟ್ಟು ತೋರಿಸಿದ ಜಿಲ್ಲೆಗಳಲ್ಲಾದರೂ ತೋಟಗಾರಿಕೆ ಇಲಾಖೆ ಮಳೆಗೆ ಮೊದಲೇ ನರ್ಸರಿಗಳನ್ನು ತಪಾಸಣೆ ಮಾಡಬೇಕು. ಹುಳು ಕಾಫಿ ಗಿಡ ಹತ್ತಿದ ಮೇಲೆ ಪರಿಹಾರದ ಅರ್ಜಿ ಬರೆಯುವುದಕ್ಕಿಂತ ಇದರ ಖರ್ಚು ಕಡಿಮೆ.

ಹುಳು ಆರಿಸಿ ತೆಗೆಯುವ ಕೆಲಸವನ್ನೂ ಊರೆಲ್ಲ ಒಟ್ಟಿಗೆ ಮಾಡಬೇಕು. ಹಿಡಿದು ಬೇಲಿಯಾಚೆ ಎಸೆಯುವ ಪುಣ್ಯಾತ್ಮರೂ ಇದ್ದಾರೆ, ಅಲ್ವಾ? ಸಂಜೆ ಒದ್ದೆ ಗೋಣಿಚೀಲ ಹಾಸಿಡಿ, ಬೆಳಿಗ್ಗೆ ಅದರಡಿ ಸೇರಿದ್ದನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಮಿದುಳಿನ ಪೊರೆಗೆ ಉರಿಯೂತ ತರುವ ಪರೋಪಜೀವಿ ಹುಳ ಇದರ ಮೈಯಲ್ಲಿ ಇರಬಹುದು.